ಮನೆ ಮುಟ್ಟಿದ ಚುಕ್ಕೆ

ಸೋಮನಿಂಗನ ಸೈಕಲ್ಲಿನ ಹ್ಯಾಂಡಲ್ ಮೇಲೆ ಎರಡು ಯಂತ್ರಗಳಿದ್ದವು. ಒಂದು ಅವನ ಇಷ್ಟದ್ದು, ಇನ್ನೊಂದು ಅವನ ಹೆಂಡತಿ ನೀಲಗಂಗಾಳ ಹಟದ್ದು.

ಅವನ ಇಷ್ಟದ್ದು ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಕಪ್ಪು ಡಬ್ಬಿ, ಸೈಕಲ್ ಸವಾರರಿಗೆಂದೇ ತಯಾರಾದ ಜಿಪಿಎಸ್. ಉಪಗ್ರಹಗಳ ಸಂಕೇತ ಕೇಳಿಸಿಕೊಂಡು ಎಲ್ಲಿದ್ದೀಯ, ಎಷ್ಟು ವೇಗದಲ್ಲಿದ್ದೀಯ ಎಂದು ತೋರಿಸುತ್ತಿತ್ತು. ಎದೆಗೆ ಕಟ್ಟಿದ ಪಟ್ಟಿಯಿಂದ ನಾಡಿಬಡಿತವನ್ನೂ ಎಣಿಸುತ್ತಿತ್ತು. ಬೆವರುಗೈಯಲ್ಲಿ ಒತ್ತಿದರೂ ಅದರ ಗುಂಡಿ ಮಾತು ಕೇಳುತ್ತಿತ್ತು, ನೆತ್ತಿ ಸುಡುವ ಬಿಸಿಲಲ್ಲೂ ಪರದೆ ಸ್ಪಷ್ಟವಾಗಿ ಕಾಣುತ್ತಿತ್ತು, ಒಮ್ಮೆ ಚಾರ್ಜ್ ಮಾಡಿದರೆ ಎರಡು ದಿನ ಚಿಂತೆಯಿಲ್ಲ. ಅದರ ಕೊರತೆ ಒಂದೇ: ತನಗೆ ಗೊತ್ತಿದ್ದನ್ನು ಸವಾರನಿಗೆ ಬಿಟ್ಟು ಬೇರೆ ಯಾರಿಗೂ ಹೇಳುತ್ತಿರಲಿಲ್ಲ.

ಹೆಂಡತಿಯ ಹಟದ್ದು ಎಲ್ಲರ ಕಿಸೆಯಲ್ಲಿರುವಂಥ ಮೊಬೈಲ್ ಫೋನು. ಪ್ಲಾಸ್ಟಿಕ್ ಹೋಲ್ಡರಿಗೆ ಸಿಕ್ಕಿಸಿದ ಕೂಡಲೇ ಅದು ಸೈಕಲ್ಲಿನ ಬಾಯಿಯಾಗುತ್ತಿತ್ತು. "ಇಲ್ಲೊಬ್ಬ ಸವಾರನಿದ್ದಾನೆ" ಎಂದು ಕ್ಷಣಕ್ಷಣಕ್ಕೂ ಸಾರುತ್ತಿತ್ತು. ಬಿಸಿಲಿಗೆ ಅದರ ಪರದೆ ಕಪ್ಪಗಾಗುತ್ತಿತ್ತು, ಬೆವರಿನ ಬೆರಳು ಬಿದ್ದರೆ ಇಲ್ಲದ್ದೆಲ್ಲ ತೆರೆದುಕೊಳ್ಳುತ್ತಿತ್ತು. ಆದರೆ ವಿಜಯಪುರ ಸೀಮೆಯ ರಸ್ತೆಗಳಲ್ಲಿ ಚಾಲಕರಿಲ್ಲದ ಲಾರಿಗಳು ಓಡಲು ಶುರುವಾಗಿ ಎಂಟು ವರ್ಷವಾಗಿತ್ತು. ಆ ಲಾರಿಗಳು ಮನುಷ್ಯರನ್ನು ನೋಡುತ್ತಿರಲಿಲ್ಲ; ಫೋನುಗಳು ಕಳಿಸುವ ಚುಕ್ಕೆಗಳನ್ನು ನೋಡುತ್ತಿದ್ದವು. ಚುಕ್ಕೆ ಇದ್ದವನಿಗೆ ದಾರಿ ಬಿಡುತ್ತಿದ್ದವು. ಚುಕ್ಕೆ ಇಲ್ಲದವನು ಅವುಗಳ ಪಾಲಿಗೆ ಬರೀ ಗಾಳಿ.

"ಈ ಬಾಯಿಬಡಕನ್ನ ನನ್ನ ಕೊರಳಿಗೆ ಯಾಕ ಕಟ್ತಿ ತಾಯಿ?" ಅಂದ ಸೋಮನಿಂಗ ಆ ಶನಿವಾರ ಬೆಳಿಗ್ಗೆ, ಟೈರಿಗೆ ಗಾಳಿ ಹಾಕುತ್ತ. "ಡಬ್ಬಿ ಐತಲ್ಲ, ಸಾಕು."

"ನಿಮ್ಮ ಡಬ್ಬಿ ನಿಮಗ ದಾರಿ ತೋರಸ್ತೈತಿ. ಲಾರಿಗೆ ನಿಮ್ಮನ್ನ ತೋರಸ್ತೈತೇನು?"

"ಮದಲ ಡ್ರೈವರ್ ಇದ್ದಾಗ ಕೈ ಮಾಡಿ ಹೋಗ್ತಿದ್ವಿ. ಅಂವಾನೂ ಕೈ ಮಾಡ್ತಿದ್ದ."

"ಈಗ ಯಾರಿಗೆ ಕೈ ಮಾಡ್ತೀರಿ? ಗಾಲಿಗೇನು?" ಅನ್ನುತ್ತ ನೀಲಗಂಗಾ ಫೋನನ್ನು ಹೋಲ್ಡರಿಗೆ ತಾನೇ ಸಿಕ್ಕಿಸಿದಳು. "ನಾ ದಾರಿ ಕೇಂದ್ರದಾಗ ಕುಂತು ನಿಮ್ಮ ಚುಕ್ಕಿ ನೋಡ್ತಿರ್ತೀನಿ. ಅದ ಓಡ್ತಿದ್ರ ನನಗ ಊಟ ಸೇರತೈತಿ."

ಐವತ್ತೆರಡರ ಸೋಮನಿಂಗ ನಕ್ಕ. ಹರೆಯದಲ್ಲಿ ರಾಜ್ಯಕ್ಕೆ ಪದಕ ತಂದವನು, ಈಗ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಮುಂದಿನ ತಿಂಗಳು ಮುನ್ನೂರು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಿದ್ದ. "ಆತು ಬಿಡು, ನಿನ್ನ ಊಟಕ್ಕಾದ್ರೂ ಇರ್ಲಿ" ಎಂದು ಒಪ್ಪಿಕೊಂಡ. ಬಬಲೇಶ್ವರ ದಾಟಿ ಹೊಸಕಟ್ಟಿಯವರೆಗೆ ಹೋಗಿ ಬರುವುದು ಅವತ್ತಿನ ಅಭ್ಯಾಸ, ಒಟ್ಟು ಎಪ್ಪತ್ತು ಕಿಲೋಮೀಟರು. ಬಿಸಿಲೇರಿದರೆ ಟೈರು ಸಿಡಿಯುತ್ತವೆಂದು ಲಾರಿಗಳನ್ನು ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ನಿಲ್ಲಿಸುತ್ತಿದ್ದರು. ಆ ಹೊತ್ತಿಗೆ ಸೈಕಲ್ ಹೊತ್ತು ಅಂತಲೇ ಹೆಸರಾಗಿತ್ತು, ಸೋಮನಿಂಗ ಹೊರಟದ್ದೂ ಹನ್ನೊಂದಕ್ಕೇ; ತಡವಾಗಿ ನಿಲ್ಲುವ ಒಂದೆರಡು ಲಾರಿಗಳ ಭಯಕ್ಕೆ ಚುಕ್ಕೆ ಆಗಲೂ ಬೇಕಿತ್ತು. ರಬ್ಬರಿಗೆ ತಾಳದ ಬಿಸಿಲನ್ನು ಮನುಷ್ಯರಿಗೆ ಬಿಟ್ಟುಕೊಟ್ಟಿದ್ದಾರಲ್ಲ ಎಂದು ಯಾರಿಗೂ ಅನ್ನಿಸಿರಲಿಲ್ಲ.

ನೀಲಗಂಗಾ ಕೆಲಸ ಮಾಡುತ್ತಿದ್ದದ್ದು ದಾರಿ ಕೇಂದ್ರದಲ್ಲಿ. ತಣ್ಣನೆಯ ಕೋಣೆ, ಗೋಡೆ ತುಂಬ ಪರದೆಗಳು, ಪರದೆ ತುಂಬ ರಸ್ತೆಗಳು, ರಸ್ತೆ ತುಂಬ ಚುಕ್ಕೆಗಳು. ಲಾರಿ ಕೆಂಪು, ಸೈಕಲ್ ಮತ್ತು ಸ್ಕೂಟರು ನೀಲಿ. ಸವಾರ ಎಲ್ಲಿಗೆ ಹೋಗಿ ಎಲ್ಲಿಗೆ ಬರುತ್ತಾನೆಂದು ಮೊದಲೇ ತಿಳಿಸಿರುತ್ತಿದ್ದ. ಅವನ ಮನೆಯವರಿಗೂ ಅದೇ ಚುಕ್ಕೆ ತಮ್ಮ ಫೋನಿನಲ್ಲಿ ಕಾಣುತ್ತಿತ್ತು. ಮನೆ ಮುಟ್ಟಿದ ಕೂಡಲೇ "ಪ್ರಯಾಣ ಸುಖವಾಗಿ ಮುಗಿಯಿತು" ಎಂಬ ಸಂದೇಶ ಹೋಗುತ್ತಿತ್ತು.

ಈ ಚುಕ್ಕೆಗಳ ವಿಷಯದಲ್ಲಿ ನೀಲಗಂಗಾಳಿಗೆ ಒಂದು ಹೆಗ್ಗಳಿಕೆಯಿತ್ತು. ಮೊದಲ ಬೇಸಿಗೆಯಲ್ಲಿ ಹೋಲ್ಡರಿನಲ್ಲಿ ಕೂತ ಫೋನುಗಳು ಬಿಸಿಲಿಗೆ ಕಾದು ತಾವಾಗಿಯೇ ಬಂದ್ ಆಗುತ್ತಿದ್ದವು. ನಡುರಸ್ತೆಯಲ್ಲಿ ಚುಕ್ಕೆ ಮಾಯ! ಮನೆಯಲ್ಲಿದ್ದ ತಾಯಂದಿರು, ಹೆಂಡಂದಿರು ಎದೆ ಒಡೆದುಕೊಂಡು ಕೇಂದ್ರಕ್ಕೆ ಫೋನ್ ಮಾಡುತ್ತಿದ್ದರು. ದಿನಕ್ಕೆ ಮುನ್ನೂರು ಕರೆ. ಒಬ್ಬ ಬಸುರಿ ಫೋನಿನಲ್ಲೇ ಪ್ರಜ್ಞೆ ತಪ್ಪಿದ್ದಳು. ಅವಳ ಗಂಡ ಹತ್ತು ನಿಮಿಷದಲ್ಲಿ ಶಿಳ್ಳೆ ಹಾಕುತ್ತ ಮನೆಗೆ ಬಂದಿದ್ದ. ಫೋನು ಸುಮ್ಮನಾದಾಗ ಹಿಂದಿನ ವೇಗದ ಲೆಕ್ಕದಲ್ಲಿ ಚುಕ್ಕೆಯನ್ನು ಎರಡು ನಿಮಿಷ ಅಂದಾಜಿನ ಮೇಲೆ ಓಡಿಸುವ ಏರ್ಪಾಡು ಯಂತ್ರದಲ್ಲಿ ಮೊದಲೇ ಇತ್ತು. ಎರಡೇ ನಿಮಿಷ ಯಾಕೆ, ಫೋನು ಮತ್ತೆ ಮಾತಾಡುವವರೆಗೂ ಓಡಿಸಿ, ಬೇಕಾದರೆ ಮನೆಯವರೆಗೂ ಓಡಿಸಿ ಅಂದವಳು ನೀಲಗಂಗಾ. ಅಂದಾಜಿನ ಚುಕ್ಕೆಗೆ ಬೇರೆ ಬಣ್ಣ ಕೊಡೋಣವೆಂದು ಎಂಜಿನಿಯರರು ಹೇಳಿದಾಗ, "ಬಣ್ಣಾ ಬದಲಾದ್ರ ಮಂದಿ ಮತ್ತ ಗಾಬರಿ ಆಗ್ತಾರ್ರಿ" ಎಂದು ಅದನ್ನೂ ತಪ್ಪಿಸಿದ್ದಳು. ಕರೆಗಳು ನಿಂತವು. ನೂರಕ್ಕೆ ತೊಂಬತ್ತೊಂಬತ್ತು ಸಲ ಸವಾರ ಫೋನನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದ, ಅದು ತಣ್ಣಗಾಗಿ ಮತ್ತೆ ಮಾತಾಡುತ್ತಿತ್ತು, ಅಂದಾಜು ನಿಜವಾಗಿ ಬಿಡುತ್ತಿತ್ತು. ಕೇಂದ್ರದವರು ಅವಳಿಗೆ ಶಾಲು ಹೊದಿಸಿದ್ದರು. ಆಮೇಲಿನಿಂದ ಅಲ್ಲಿ ಚಹಾವನ್ನು ಬಿಸಿ ಇರುವಾಗಲೇ ಕುಡಿಯಲು ಬಿಡುವು ಸಿಗತೊಡಗಿತು.

ಹನ್ನೆರಡೂ ನಲವತ್ತಕ್ಕೆ ನೀಲಗಂಗಾ ಊಟದ ಡಬ್ಬಿ ಬಿಚ್ಚಿದಳು. ರೊಟ್ಟಿ ಮುರಿಯುತ್ತ ಗಂಡನ ಚುಕ್ಕೆಯ ಕಡೆ ಕಣ್ಣು ಹಾಯಿಸಿದಳು. ಹೊಸಕಟ್ಟಿಯಿಂದ ತಿರುಗಿ ಎಮ್ಮಿಗುಂಡಿ ಏರು ಹತ್ತುತ್ತಿದ್ದ. ವೇಗ ಮೂವತ್ತು. ಏರಿನ ಬುಡದಲ್ಲೂ ಮೂವತ್ತು, ನಡುವೆಯೂ ಮೂವತ್ತು, ನೆತ್ತಿಯಲ್ಲೂ ಮೂವತ್ತು.

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮೈಯಲ್ಲಿ ಕುದುರೆಯ ಕಸುವಿದ್ದ ಕಾಲದಲ್ಲೂ ಆ ಏರನ್ನು ಹದಿನಾಲ್ಕರ ಮೇಲೆ ಹತ್ತಿದವನಲ್ಲ ಸೋಮನಿಂಗ. ಮದುವೆಯಾದ ಹೊಸದರಲ್ಲಿ ಅದನ್ನು ಎಷ್ಟು ಸಲ ಹೇಳಿ ತಲೆ ತಿಂದಿದ್ದನೋ ಲೆಕ್ಕವಿಲ್ಲ.

"ಇಮ್ತಿಯಾಜ, ಇಲ್ಲಿ ನೋಡಪಾ. ಇದು ನಮ್ಮವರದು."

ಪಕ್ಕದ ಕುರ್ಚಿಯ ಇಮ್ತಿಯಾಜ ಬಗ್ಗಿ ನೋಡಿದ. "ಅಂದಾಜಿನ ಚುಕ್ಕಿ ಇರಬೇಕ್ರಿ ಅಕ್ಕಾರ. ಫೋನ್ ಕಾದು ಆಫ್ ಆಗಿರ್ತೈತಿ. ಇನ್ನೊಂದ್ ಸ್ವಲ್ಪ ಹೊತ್ತಿಗೆ ತಣ್ಣಗಾಗಿ ಬರ್ತೈತಿ. ಊಟ ಮಾಡ್ರಿ."

ಇದೇ ಮಾತನ್ನು ಎಷ್ಟು ಹೆಣ್ಣುಮಕ್ಕಳಿಗೆ ಹೇಳಿಲ್ಲ ತಾನು! ನೀಲಗಂಗಾ ಗಂಡನಿಗೆ ಫೋನ್ ಹಚ್ಚಿದಳು. ಹತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಹಚ್ಚಿದಳು, ಹತ್ತಲಿಲ್ಲ. ಹಾಗಾದರೆ ಯಾವಾಗಿನಿಂದ ಸುಮ್ಮನಾಗಿದೆ? ನಿಜದ ಚುಕ್ಕೆ ಎಲ್ಲಿ ಮುಗಿದು ಅಂದಾಜಿನ ಚುಕ್ಕೆ ಎಲ್ಲಿ ಶುರುವಾಯಿತೆಂದು ಕಡತ ತೆಗೆದರೆ ಎಲ್ಲ ಒಂದೇ ಗೆರೆ, ಒಂದೇ ನೀಲಿ. ಇಮ್ತಿಯಾಜನೇ ಬೇರೆ ಯಾವುದೋ ಪಟ್ಟಿಯನ್ನು ಕೆದಕಿ ಹೇಳಿದ: ಫೋನು ತನ್ನ ಬಿಸಿಯನ್ನು ಕೊನೆಯದಾಗಿ ತಿಳಿಸಿದ್ದು ಹನ್ನೊಂದೂ ಐವತ್ತೆಂಟಕ್ಕೆ, ಐವತ್ತೊಂದು ಡಿಗ್ರಿ.

"ಅಂದ್ರ ಅವರು ಆ ಹೊತ್ತಿಗೆ ಇಪ್ಪತ್ತೊಂಬತ್ತನೆಯ ಕಿಲೋಮೀಟರ್ ಕಡೆ ಇದ್ರು" ಅಂದಳು ನೀಲಗಂಗಾ. "ಮುಂದ ಎಲ್ಲಿ ಹ್ವಾದ್ರು?"

ಅದು ಯಾರಿಗೂ ಗೊತ್ತಿರಲಿಲ್ಲ. ಡಬ್ಬಿಗೆ ಗೊತ್ತಿದ್ದೀತು, ಅದು ಹೇಳುವುದಿಲ್ಲ.

ಒಂದೂ ಇಪ್ಪತ್ತಕ್ಕೆ ಸರಿಯಾಗಿ ಸೋಮನಿಂಗನ ಚುಕ್ಕೆ ಓಣಿಗೆ ಬಂತು, ಮನೆಯ ಮುಂದೆ ನಿಂತಿತು. ನೀಲಗಂಗಾಳ ಫೋನು ಟಿಣ್ ಎಂದಿತು: ಪ್ರಯಾಣ ಸುಖವಾಗಿ ಮುಗಿಯಿತು. ಅವಳು ಮನೆಗೆ ಫೋನ್ ಮಾಡಿದಳು. ಅತ್ತೆ ಎತ್ತಿಕೊಂಡರು.

"ಅತ್ತೀ, ಅವರು ಬಂದ್ರೇನು?"

"ಬಂದಾನವ್ವಾ. ಈಗ ಫೋನ್ ಹೇಳ್ತು. ತಾಟ ಹಾಕ್ಲಾಕತ್ತೀನಿ."

"ನೀವು ಕಣ್ಣಿಲೆ ನೋಡೀರೇನು?"

"ಹಿತ್ತಲದಾಗ ಸೈಕಲ್ ಇಡಾಕ ಹೋಗಿರಬೇಕು. ತಡಿ." ಅತ್ತೆಯ ಹೆಜ್ಜೆಯ ಸಪ್ಪಳ, ಬಾಗಿಲ ಕಿರುಗುಟ್ಟು. "ಇಲ್ಲಿಲ್ಲವ್ವಾ. ಸೀದಾ ಅಂಗಡಿಗೆ ಹ್ವಾದ್ನೋ ಏನೋ."

"ಬಂದಿಲ್ಲ ಅತ್ತೀ. ಅದು ಬರೇ ಚುಕ್ಕಿ."

"ಏನ್ ಮಾತಾಡ್ತಿ? ಚುಕ್ಕಿ ಬಂತಂದ್ರ ಅಂವ ಬಂದಂಗ ಅಂತ ನೀನ ಅಲ್ಲೇನು ನನಗ ಕಲಿಸಿದಾಕಿ?"

ನೀಲಗಂಗಾ ಫೋನ್ ಇಟ್ಟು ಇಮ್ತಿಯಾಜನತ್ತ ತಿರುಗಿದಳು.

ಇಮ್ತಿಯಾಜ ಅಷ್ಟರಲ್ಲಿ ಆಂಬುಲೆನ್ಸಿಗೆ ಕೋರಿಕೆ ಕಳಿಸಿದ್ದ. ಆಂಬುಲೆನ್ಸೂ ಚುಕ್ಕೆಯನ್ನೇ ನಂಬುವಂಥದ್ದು. ಅದು ಸೋಮನಿಂಗನ ಮನೆಯ ಕಡೆ ಹೊರಟಿತು. ಪೊಲೀಸರಿಗೆ ತಿಳಿಸಿದರೆ ಅಲ್ಲಿಯವರು ತಮ್ಮ ಪರದೆ ನೋಡಿ, "ನಿಮ್ಮ ಯಜಮಾನ್ರು ಮನ್ಯಾಗ ಅದಾರಲ್ರಿ ಅಕ್ಕಾರ" ಅಂದರು. ಮೇಲ್ವಿಚಾರಕಿ ವಂದನಾ ಮೇಡಂ ಕೆಟ್ಟವರಲ್ಲ, ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು.

"ಮುಗಿದ ಪ್ರಯಾಣದ ಮ್ಯಾಲೆ ಹುಡುಕಾಟ ತೆಗಿಯಾಕ ಯಂತ್ರ ಒಪ್ಪೂದಿಲ್ಲ ನೀಲಗಂಗಾ. ನಾ ಒತ್ತಿ ನೋಡಿದೆ. ರಾಜಧಾನಿಗೆ ಬರಿತೀನಿ. ಸಂಜಿ ಅನ್ನೂದ್ರಾಗ ಏನರ ಉತ್ತರ ಬರಬಹುದು."

"ಸಂಜಿತನಾ ಬಿಸಿಲು ಕಾಯ್ತೈತೇನ್ರಿ ಮೇಡಂ?"

ಹೊರಗೆ ನಲವತ್ತಮೂರು ಡಿಗ್ರಿ.

ನೀಲಗಂಗಾ ಎದ್ದಳು. ಇಮ್ತಿಯಾಜ ಬಾಗಿಲವರೆಗೆ ಓಡಿಬಂದು ತನ್ನ ನೀರಿನ ಬಾಟಲಿ ಕೊಟ್ಟ. "ನಿಮ್ಮ ಚುಕ್ಕಿ ಬಿಟ್ಟು ನಾ ಕಣ್ಣ ಕದಲ್ಸೂದಿಲ್ರಿ ಅಕ್ಕಾರ. ಅವರು ಸಿಕ್ಕ ಕೂಡ್ಲೆ ಒಂದ್ ಫೋನ್ ಹಚ್ಚರಿ. ನಿಮ್ಮ ಚುಕ್ಕಿ ಇದ್ದಲ್ಲಿಗೇ ಆಂಬುಲೆನ್ಸ್ ಬರ್ತೈತಿ."

ಅದು ಸರಿಯಾದ ಉಪಾಯವಾಗಿತ್ತು. ಅವಳ ಎಲೆಕ್ಟ್ರಿಕ್ ಸ್ಕೂಟರಿಗೆ ಕೀಲಿಕೈ ಇರಲಿಲ್ಲ. ಫೋನನ್ನು ಹೋಲ್ಡರಿಗೆ ಸಿಕ್ಕಿಸಿ ಎಲ್ಲಿಗೆ ಹೋಗುವುದೆಂದು ಹೇಳಿದರೆ ಮಾತ್ರ ಚಾಲೂ ಆಗುತ್ತಿತ್ತು. ಹೊಸಕಟ್ಟಿಗೆ ಹೋಗಿ ಮನೆಗೆ ಬರುವುದು ಎಂದು ಹೇಳಿ ಹೊರಟಳು.

ಊರು ದಾಟಿದ ಮೇಲೆ ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಡಾಂಬರು ಮೆತ್ತಗಾಗಿತ್ತು. ಗಾಳಿ ಒಲೆಯ ಬಾಯಿಂದ ಬಂದಂತೆ ಮುಖಕ್ಕೆ ಬಡಿಯುತ್ತಿತ್ತು. ಕಬ್ಬು ಕಡಿದು ಬೋಳಾದ ಹೊಲಗಳಲ್ಲಿ ಒಂದು ದನವೂ ಕಾಣಲಿಲ್ಲ. ಬಬಲೇಶ್ವರದಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದ್ದವು. ಒಬ್ಬ ಮುದುಕ ಕಟ್ಟೆಯ ಮೇಲೆ ಕೂತಿದ್ದ. ಸೈಕಲ್ಲಿನವರನ್ನು ನೋಡಿದಿರಾ ಎಂದರೆ, "ಹೋಗೂದು ನೋಡೀನಿ, ಬರೂದು ನೋಡಿಲ್ಲವ್ವಾ" ಅಂದ. ಅಲ್ಲಿಂದ ಮುಂದೆ ಅವಳು ನಿಧಾನ ಮಾಡಿದಳು. ಎರಡೂ ಬದಿಯ ಚರಂಡಿ, ಸೇತುವೆಯ ಕೆಳಗು, ಗಿಡದ ಬುಡ ಎಲ್ಲ ಬಗ್ಗಿ ಬಗ್ಗಿ ನೋಡುತ್ತ ಹೋದಳು. ಬಾಯಲ್ಲಿ ದೇವರ ಹೆಸರು, ಮನಸ್ಸಿನಲ್ಲಿ ತನಗೆ ತಾನೇ ಬೈಗುಳ.

ಎಮ್ಮಿಗುಂಡಿ ಇಳಿದು ಐದಾರು ಕಿಲೋಮೀಟರು ಹೋದ ಮೇಲೆ ಚರಂಡಿಯ ಅಂಚಿಗೆ ಒಂದು ಗಾಲಿ ಕಂಡಿತು.

ಸೋಮನಿಂಗ ಸೈಕಲ್ಲಿನ ಪಕ್ಕದಲ್ಲಿ ಅಂಗಾತ ಬಿದ್ದಿದ್ದ. ಮೊಣಕೈ ತರಚಿತ್ತು, ಅದು ದೊಡ್ಡದಲ್ಲ. ಮೈ ಮುಟ್ಟಿದಾಗ ಅವಳ ಜೀವ ಹಾರಿತು. ಬೆವರಿನ ಪಸೆಯೇ ಇಲ್ಲದೆ ಒಣಗಿ ಹಂಚಿನಂತೆ ಸುಡುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು, ಏನೋ ತೊದಲುತ್ತಿದ್ದ. ಬೆನ್ನಿನ ಕಿಸೆಯಲ್ಲಿ ಅವನ ಫೋನು. ತಣ್ಣಗಾಗಲೆಂದು ಅವನೇ ತೆಗೆದು ಹಾಕಿಕೊಂಡಿದ್ದಿರಬೇಕು. ಸುಡುವ ಮೈಗೆ ಅಂಟಿಕೊಂಡು ಅದು ಇನ್ನೂ ಕಾದಿತ್ತು. ನೀರಿನ ಬಾಟಲಿಗಳು ಎರಡೂ ಖಾಲಿ.

ರಟ್ಟೆ ಹಿಡಿದು ಎಳೆದು ಎಳೆದು ಜಾಲಿಗಿಡದ ಬಡ ನೆರಳಿಗೆ ತಂದಳು. ಸೈಕಲ್ಲನ್ನೂ ಎಳೆದು ಆ ಕಡೆ ಒರಗಿಸಿದಳು. ಆಮೇಲೆ ಸ್ಕೂಟರಿನತ್ತ ಓಡಿದಳು, ಇಮ್ತಿಯಾಜನಿಗೆ ಫೋನ್ ಹಚ್ಚಬೇಕು.

ಫೋನಿನ ಪರದೆ ಕಪ್ಪಗಿತ್ತು. ಒತ್ತಿದಳು. ನಡುವೆ ಒಂದು ಕೆಂಪು ಗುರುತು ಬಂದು, ತಣ್ಣಗಾದ ಮೇಲೆ ಬಳಸಿ ಎಂದು ಹೇಳಿ ಆರಿತು. ಯಾವಾಗ ಬಂದ್ ಆಯಿತೋ? ಚರಂಡಿ ನೋಡುವ ಭರದಲ್ಲಿ ಅವಳು ಅದನ್ನು ನೋಡಿರಲೇ ಇಲ್ಲ. ಸ್ಕೂಟರು ಓಡುತ್ತಿರುವವರೆಗೆ ಓಡಿತ್ತು, ನಿಲ್ಲಿಸಿದ ಮೇಲೆ ಫೋನಿಲ್ಲದೆ ಅದು ಬರೀ ಕಬ್ಬಿಣ.

ನೀಲಗಂಗಾ ನಡುರಸ್ತೆಯಲ್ಲಿ ನಿಂತುಕೊಂಡಳು. ಕೇಂದ್ರದಲ್ಲಿ ಇಮ್ತಿಯಾಜ ಈಗ ಏನು ನೋಡುತ್ತಿದ್ದಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಚುಕ್ಕೆ ನಿಂತಿಲ್ಲ. ಹೊಸಕಟ್ಟಿಯತ್ತ ಹೊರಟಿದೆ, ಅಲ್ಲಿ ತಿರುಗುತ್ತದೆ, ಎಮ್ಮಿಗುಂಡಿ ಏರನ್ನೂ ಅದೇ ವೇಗದಲ್ಲಿ ಹತ್ತುತ್ತದೆ. ಸ್ಕೂಟರು ಏರನ್ನು ಹಾಗೆಯೇ ಹತ್ತುವುದರಿಂದ ಅದರಲ್ಲಿ ಸಂಶಯಪಡುವಂಥದ್ದು ಏನೂ ಇರುವುದಿಲ್ಲ. ಪಾಪದ ಹುಡುಗ, ಅಕ್ಕ ಇನ್ನೂ ಹುಡುಕುತ್ತಿದ್ದಾಳೆ ಅಂದುಕೊಂಡು ಆ ನೀಲಿಯನ್ನೇ ನೋಡುತ್ತ ಕೂತಿರುತ್ತಾನೆ. ಮೂರೂವರೆಯ ಸುಮಾರಿಗೆ ಅವಳೂ ಮನೆ ಮುಟ್ಟುತ್ತಾಳೆ. ಅತ್ತೆಯ ಫೋನು ಇನ್ನೊಮ್ಮೆ ಟಿಣ್ ಅನ್ನುತ್ತದೆ. ನಾಲ್ಕಕ್ಕೆ ಲಾರಿಗಳು ಬರುತ್ತವೆ. ಇಲ್ಲಿ ಅವುಗಳಿಗೆ ಕಾಣುವ ಚುಕ್ಕೆ ಒಂದೂ ಇಲ್ಲ. ಕೈ ಬೀಸಿದರೂ, ಸೆರಗು ಬೀಸಿದರೂ ತಮ್ಮ ಪಾಡಿಗೆ ಹೋಗುತ್ತವೆ.

"ಯಾರರ ಅದೀರೇನ್ರೀ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಬೋಳು ಹೊಲಗಳು ಆ ಕೂಗನ್ನು ತಿರುಗಿಸಿಯೂ ಕಳಿಸಲಿಲ್ಲ. ಹತ್ತಿರದ ಊರು ಆರು ಕಿಲೋಮೀಟರು. ಓಡಿದರೆ ಒಂದು ತಾಸು, ಬರಲು ಇನ್ನೆಷ್ಟೋ. ಅಷ್ಟು ಹೊತ್ತು ಇವನನ್ನು ಹೀಗೆ ಬಿಟ್ಟು ಹೋದರೆ ಬಂದಾಗ ಏನು ಸಿಗುತ್ತದೆಂದು ಯೋಚಿಸುವ ಧೈರ್ಯ ಅವಳಿಗಿರಲಿಲ್ಲ.

ಇಮ್ತಿಯಾಜ ಕೊಟ್ಟ ಬಾಟಲಿಯಲ್ಲಿ ಅರ್ಧ ನೀರು ಉಳಿದಿತ್ತು. ಅದನ್ನು ಹಿಡಿದು ಗಂಡನ ಪಕ್ಕದಲ್ಲಿ ಕೂತಳು. ಒಂದು ಕೈಯಲ್ಲಿ ನೀರು, ತೊಡೆಯ ಮೇಲೆ ಕಾದ ಫೋನು. ಸೆರಗು ಒದ್ದೆ ಮಾಡಿ ಫೋನಿಗೆ ಸುತ್ತಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದು ತಣ್ಣಗಾಗಬಹುದು, ಆಂಬುಲೆನ್ಸ್ ಬರಬಹುದು. ಈ ಕಾವಿನಲ್ಲಿ ಆಗದೆಯೂ ಇರಬಹುದು. ಅಷ್ಟರೊಳಗೆ ಇವನು ಇರುತ್ತಾನೋ ಇಲ್ಲವೋ. ಇವನ ತಲೆಗೆ ಹಾಕಿದರೆ ಇವನಿಗೆ ಹದಿನೈದು ನಿಮಿಷ ಸಿಗಬಹುದು, ಆದರೆ ಆ ಹದಿನೈದು ನಿಮಿಷದಲ್ಲಿ ಬರುವವರು ಯಾರೂ ಇಲ್ಲ. ಎಂಟು ವರ್ಷ ಸಾವಿರ ಚುಕ್ಕೆಗಳನ್ನು ಕಾಯ್ದ ಹೆಂಗಸು ಅರ್ಧ ಬಾಟಲಿ ನೀರು ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಅತ್ತಳು.

ಪಕ್ಕದಲ್ಲಿ ಸೈಕಲ್ಲಿನ ಮೇಲೆ ಡಬ್ಬಿಯ ಪರದೆ ಬೆಳಗುತ್ತಲೇ ಇತ್ತು. ಆ ಸುಡುಬಿಸಿಲಲ್ಲೂ ಅದರ ಅಂಕಿಗಳು ನಿಚ್ಚಳವಾಗಿದ್ದವು. ತಾವು ಕೂತ ಜಾಗ ಇಂಥದ್ದೇ ಎಂದು ಮೂರು ಗಜದ ವ್ಯತ್ಯಾಸವಿಲ್ಲದೆ ಬರೆದಿತ್ತು. ಕೆಳಗೆ ನಾಡಿ, ನೂರಾ ಎಪ್ಪತ್ತೊಂದು.

ಅವಳು ನೀರನ್ನು ಗಂಡನ ನೆತ್ತಿಗೆ, ಕುತ್ತಿಗೆಗೆ, ಎದೆಗೆ ಸುರಿದಳು. ಖಾಲಿ ಬಾಟಲಿ ಎಸೆದು ಸೆರಗಿನಿಂದ ಗಾಳಿ ಹಾಕತೊಡಗಿದಳು. ಅಂಕಿ ನೂರಾ ಅರವತ್ತೆಂಟಕ್ಕೆ ಬಂತು, ನೂರಾ ಅರವತ್ತೈದಕ್ಕೆ ಬಂತು. ಅವಳ ಎದೆಯಲ್ಲಿ ಸಣ್ಣ ಆಸೆ ಚಿಗುರಿತು. ನೀರು ಆರಲು ಬಹಳ ಹೊತ್ತು ಬೇಕಾಗಲಿಲ್ಲ. ಆರಿದ ಮೇಲೆ ಅಂಕಿ ಮತ್ತೆ ಏರಿತು.

ಸೋಮನಿಂಗನ ತುಟಿಗಳು ಅಲುಗಿದವು. ಅವಳು ಕಿವಿ ಹತ್ತಿರ ತಂದಳು.

"ಗಂಗಾ... ನಾಡಿ ಎಷ್ಟೈತಿ?"

ಓಟದವರಿಗೆ ಅದೊಂದು ಚಾಳಿ. ಎಚ್ಚರವಾದ ಕೂಡಲೇ ಕೇಳುವುದು ಅದನ್ನೇ. ನೀಲಗಂಗಾ ಡಬ್ಬಿಯತ್ತ ನೋಡಿದಳು. ನೂರಾ ಎಪ್ಪತ್ತಾರು.

"ಇಳೀಲಾಕತ್ತೈತ್ರಿ" ಅಂದಳು. "ನೂರಾ ಮೂವತ್ತೈತಿ. ಗಾಬರಿ ಆಗಬ್ಯಾಡ್ರಿ."

"ಹಂಗಾರ ಚಲೋ ಆತು" ಅಂದ ಅವನು, ಮತ್ತು ಮುಖದ ಬಿಗಿ ಸಡಿಲಿಸಿ ಕಣ್ಣು ಮುಚ್ಚಿಕೊಂಡ.